ಮಂಗಳೂರಿಗೆ ದಾರಿ ಹಲವು, ಘಟ್ಟ ಒಂದೇ

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಜರಿಯಿತು. ಹಲವರು ಜೀವ ಕಳೆದುಕೊಂಡರು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಅದೇ ತಿಂಗಳು ಸಕಲೇಶಪುರದ ಹತ್ತಿರ ದೊಡ್ಡತಪ್ಪಲಿನಲ್ಲಿ ಶಿರಾಡಿ ರಸ್ತೆಗೆ ಮತ್ತೆ ಮತ್ತೆ ಮಣ್ಣು ಬಿತ್ತು. ಮಡಿಕೇರಿ–ಸಂಪಾಜೆ ರಸ್ತೆಯಲ್ಲಿ ರಾತ್ರಿ ಓಡಾಟಕ್ಕೆ ತಡೆ ಬಂತು. ಜುಲೈ 26ಕ್ಕೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಬೆಂಗಳೂರು–ಮಂಗಳೂರು ರೈಲೂ ನಿಂತಿತು. ದುರಸ್ತಿ ಮುಗಿಯಿತು ಅನ್ನುವಷ್ಟರಲ್ಲಿ ಆಗಸ್ಟ್ 10ರಂದು ಬಾಳ್ಳುಪೇಟೆ–ಸಕಲೇಶಪುರ ನಡುವೆ ಇನ್ನೊಂದು ಕಡೆ ಹಳಿ ಮೇಲೆ ಗುಡ್ಡ ಬಿತ್ತು. ಈ ನಡುವೆ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದಿತ್ತು.

ಇಷ್ಟೆಲ್ಲಾ ಆಗಿದ್ದು ಒಂದು ತಿಂಗಳ ಒಳಗೆ.

ಮಂಗಳೂರಿಗೆ ಹೋಗಿಬರಲು ಏನೇನು ಇದೆ ಎಂದು ಪಟ್ಟಿ ಮಾಡಿದರೆ ಅದು ಉದ್ದವಾಗಿಯೇ ಇದೆ. ನಾಲ್ಕೈದು ಘಾಟಿ ರಸ್ತೆ, ಮೂರು ದಿಕ್ಕಿಗೆ ರೈಲು, ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ದೊಡ್ಡ ಬಂದರು. ರಾಜ್ಯದಲ್ಲಿ ಇವೆಲ್ಲ ಒಟ್ಟಿಗೆ ಇರುವ ಬೇರೆ ಊರಿಲ್ಲ. ಆದರೂ ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿರುವ ಕರಾವಳಿಯವರಿಗೆ ಊರಿಗೆ ಹೋಗುವುದು ಹೇಗೆ ಎಂಬ ಚಿಂತೆ ಶುರು. ಕಾರಣ ಸರಳ. ಒಂದು ದಾರಿ ಕೆಟ್ಟಾಗ ಇನ್ನೊಂದು ಸರಿಯಿದ್ದರೆ ಮಾತ್ರ ಅದನ್ನು ಪರ್ಯಾಯ ಎನ್ನಬಹುದು. ಇಲ್ಲಿ ಎಲ್ಲವೂ ಕೆಡುವುದು ಅದೇ ಮಳೆಗೆ, ಅದೇ ಗುಡ್ಡಸಾಲಿನಲ್ಲಿ, ಅದೇ ವಾರದಲ್ಲಿ.

ರಾತ್ರಿ ಬಸ್ಸಿನ ರಾಜ್ಯ

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಇಳಿದು ಉಪ್ಪಿನಂಗಡಿ, ಬಿ.ಸಿ.ರೋಡ್ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಇದರ ಮುಖ್ಯ ದಾರಿ. ರಾತ್ರಿ ಊಟ ಮುಗಿಸಿ ಹತ್ತಿದರೆ ಬೆಳಿಗ್ಗೆ ಕಣ್ಣು ಬಿಡುವಾಗ ಮಂಗಳೂರಿನ ಪಂಪ್‌ವೆಲ್. ಏಳೆಂಟು ಗಂಟೆಯ ಪ್ರಯಾಣ. ಇವತ್ತಿಗೂ ಜಾಸ್ತಿ ಜನ ಆರಿಸುವುದು ಇದನ್ನೇ. ರಜೆ ಹಾಕಬೇಕಿಲ್ಲ, ಮನೆ ಹತ್ತಿರವೇ ಹತ್ತಬಹುದು, ಕೆಲವೊಮ್ಮೆ ಮನೆ ಹತ್ತಿರವೇ ಇಳಿಯಬಹುದು. ಪುತ್ತೂರು, ಸುಳ್ಯ, ಬೆಳ್ತಂಗಡಿ, ಕುಂದಾಪುರ ಎಲ್ಲಕ್ಕೂ ನೇರ ಬಸ್ಸಿದೆ. ರೈಲಿಗೂ ವಿಮಾನಕ್ಕೂ ಈ ಅನುಕೂಲ ಇಲ್ಲ.

ಸರ್ಕಾರಿ ಬಸ್ಸಿನಲ್ಲಿ ಕೆಂಪು ಬಸ್ಸಿನಿಂದ ಹಿಡಿದು ರಾಜಹಂಸ, ಐರಾವತ, ಅಂಬಾರಿವರೆಗೆ ಎಲ್ಲ ದರಕ್ಕೂ ಒಂದೊಂದು ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಇಲ್ಲಿ ಒಂದು ವಿಚಿತ್ರ ಇದೆ. ದಕ್ಷಿಣ ಕನ್ನಡ, ಉಡುಪಿಯ ಒಳಗೆ ಓಡಾಟ ಇರುವುದೇ ಖಾಸಗಿ ಬಸ್ಸುಗಳ ಕೈಯಲ್ಲಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಉಡುಪಿ, ಮಣಿಪಾಲಕ್ಕೆ ನಿಮಿಷಕ್ಕೊಂದರಂತೆ ಹೊರಡುವ ಎಕ್ಸ್‌ಪ್ರೆಸ್‌ಗಳು ಖಾಸಗಿಯವೇ. ಹಾಗಾಗಿ ಬೆಂಗಳೂರಿನಿಂದ ಮಂಗಳೂರಿನ ತನಕ ಪುಕ್ಕಟೆ ಬಂದ ಮಹಿಳೆ, ಅಲ್ಲಿಂದ ಮೂಡುಬಿದಿರೆಗೋ ಕಿನ್ನಿಗೋಳಿಗೋ ಹೋಗಲು ಕಾಸು ಬಿಚ್ಚಬೇಕು. ಬಸ್ಸು ಮಾತ್ರ ಕಾಯಿಸುವುದಿಲ್ಲ. ಬೇರೆ ಜಿಲ್ಲೆಯವರು ಈ ಸರ್ವಿಸ್ ನೋಡಿ ಹೊಟ್ಟೆಕಿಚ್ಚು ಪಡುವುದುಂಟು.

ಹಬ್ಬದ ಮುಂಚಿನ ಶುಕ್ರವಾರ ಖಾಸಗಿ ಸ್ಲೀಪರ್ ಬಸ್ಸಿನ ದರ ನೋಡಿದವರಿಗೆ ಬೇರೆ ವಿವರಣೆ ಬೇಡ. ದರ ಏರಿಸಿದರೆ ಕ್ರಮ ಎಂದು ಪ್ರತಿ ವರ್ಷ ಎಚ್ಚರಿಕೆ ಬರುತ್ತದೆ, ಪ್ರತಿ ವರ್ಷ ದರವೂ ಏರುತ್ತದೆ. ಸೀಟು ಕಡಿಮೆ, ಜನ ಜಾಸ್ತಿ. ರೈಲಿನಲ್ಲಿ ಜಾಗ ಇಲ್ಲದಿದ್ದಾಗ ಬಸ್ಸಿನವರು ಹೇಳಿದ್ದೇ ದರ. ಬಸ್ ದರದ ಗೋಳು ನಿಜಕ್ಕೂ ರೈಲಿನ ಕೊರತೆಯ ಗೋಳು.

ಶಿರಾಡಿ ಮುಚ್ಚಿದರೆ ಏನು? ಚಾರ್ಮಾಡಿ ಇದೆ, ಸಂಪಾಜೆ ಇದೆ, ಬಿಸಿಲೆ ಇದೆ, ಸ್ವಲ್ಪ ಸುತ್ತಿದರೆ ಆಗುಂಬೆ ಇದೆ. ನಕ್ಷೆಯಲ್ಲಿ ಧೈರ್ಯ ಬರುತ್ತದೆ. ಆದರೆ ಚಾರ್ಮಾಡಿಯ ತಿರುವುಗಳು ಮಲ್ಟಿ ಆಕ್ಸಲ್ ಬಸ್ಸಿಗೆ ಒಗ್ಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಅಲ್ಲಿಯೇ ಸಾಲುಸಾಲಾಗಿ ಗುಡ್ಡ ಜರಿದು ತಿಂಗಳುಗಟ್ಟಲೆ ಓಡಾಟ ನಿಂತಿತ್ತು. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ವಾಹನದ ಮಾತೇ ಇಲ್ಲ. ಬಿಸಿಲೆ ಕಾಡಿನೊಳಗಿನ ಸಪೂರ ರಸ್ತೆ. ಉಳಿಯುವುದು ಸಂಪಾಜೆ ಒಂದೇ. ಮೈಸೂರು, ಮಡಿಕೇರಿ ಸುತ್ತಿ ಬರಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ಹರಿದು ಬಂದಾಗ ಆ ದಾರಿಯೂ ಹೋಯಿತು. ಆ ವರ್ಷದ ವಿಚಿತ್ರ ನೋಡಿ. ಕಾಂಕ್ರೀಟ್ ಹಾಕಲೆಂದು ಜನವರಿಯಿಂದ ಜುಲೈವರೆಗೆ ಶಿರಾಡಿಯನ್ನು ಮುಚ್ಚಿದ್ದರು. ಹೊಸ ರಸ್ತೆ ತೆರೆದು ಒಂದು ತಿಂಗಳಾಗಿತ್ತು ಅಷ್ಟೆ, ಮಳೆ ಬಂದು ಮತ್ತೆ ಮುಚ್ಚಿಸಿತು.

ಕಾಂಕ್ರೀಟ್ ಒಳ್ಳೆಯದೇ ಆಯಿತು. ಮೊದಲಿನ ಶಿರಾಡಿ ಕಂಡವರಿಗೆ ಗೊತ್ತು, ಅದು ರಸ್ತೆಯೋ ಹೊಂಡಗಳ ಸಾಲೋ ಹೇಳುವುದು ಕಷ್ಟವಿತ್ತು. ಆದರೆ ಕಾಂಕ್ರೀಟ್ ರಸ್ತೆಯ ಮೇಲ್ಮೈಯನ್ನು ಸರಿಮಾಡುತ್ತದೆ, ಪಕ್ಕದ ಗುಡ್ಡವನ್ನು ಹಿಡಿದು ನಿಲ್ಲಿಸುವುದಿಲ್ಲ. ಸಕಲೇಶಪುರದ ಕಡೆ ನಾಲ್ಕು ಪಥಕ್ಕಾಗಿ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದೇ 2024ರ ಕುಸಿತಕ್ಕೆ ಕಾರಣ ಎಂಬ ದೂರು ಆಗ ಜೋರಾಗಿ ಕೇಳಿಬಂತು. ಶಿರೂರಿನ ವಿಷಯದಲ್ಲೂ ಇದೇ ದೂರು. ಜೇಡಿ ಮಣ್ಣಿನ ಗುಡ್ಡ, ತಿಂಗಳಿಡೀ ಮಳೆ, ಕೆಳಗಿನ ಆಸರೆ ತೆಗೆದಾಗಿದೆ. ಜರಿಯದೆ ಇನ್ನೇನಾದೀತು?

ಹಳಿ ಇದೆ, ವೇಗ ಇಲ್ಲ

ರೈಲಿನ ಕತೆ ಇನ್ನೂ ಸ್ವಾರಸ್ಯದ್ದು. ಮಂಗಳೂರಿಗೆ ಮೊದಲು ರೈಲು ಬಂದಿದ್ದು ಕೇರಳದ ಕಡೆಯಿಂದ, 1907ರಲ್ಲಿ. ಹಾಸನದಿಂದ ಘಟ್ಟ ಇಳಿದು ಹಳಿ ಬರಲು 1979ರವರೆಗೆ ಕಾಯಬೇಕಾಯಿತು. ಅದೂ ಮೀಟರ್ ಗೇಜ್. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಮಾಡಲೆಂದು ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಒಂದು ತಲೆಮಾರಿನ ಕಾಲೇಜು ಹುಡುಗರು ರೈಲೇ ನೋಡದೆ ಬೆಂಗಳೂರಿಗೆ ಹೋಗಿಬಂದರು. ರಾತ್ರಿ ಬಸ್ಸಿನ ಅಭ್ಯಾಸ ಗಟ್ಟಿಯಾಗಿದ್ದು ಆ ವರ್ಷಗಳಲ್ಲೇ ಇರಬೇಕು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಟ್ಟದ ಭಾಗದಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ಹಳಿ. ಏರುವಾಗ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು. ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸು. ಹಳಿ ಒಂದೇ ಆದ್ದರಿಂದ ಎದುರಿಂದ ಗೂಡ್ಸ್ ಬಂದರೆ ಯಾವುದೋ ಕಾಡಿನ ನಿಲ್ದಾಣದಲ್ಲಿ ಕಾಯಬೇಕು. ಹಗಲು ರೈಲಿನಲ್ಲಿ ಹೋದವರಿಗೆ ಇದು ಭಾರತದ ಅತಿ ಚಂದದ ಪ್ರಯಾಣಗಳಲ್ಲಿ ಒಂದು. ಇಂಟರ್‌ವ್ಯೂಗೆ ಹೊರಟವರಿಗೆ ಹಾಗನ್ನಿಸಲಿಕ್ಕಿಲ್ಲ.

ಒಂದು ಹೋಲಿಕೆ ಸಾಕು. ಮಂಗಳೂರು ಸೆಂಟ್ರಲ್‌ನಿಂದ ತಿರುವನಂತಪುರ ಸುಮಾರು 620 ಕಿಲೋಮೀಟರ್. ವಂದೇ ಭಾರತ್ ರೈಲು ಒಂಬತ್ತು ಗಂಟೆಯೊಳಗೆ ಮುಟ್ಟಿಸುತ್ತದೆ. ಯಶವಂತಪುರದಿಂದ ಮಂಗಳೂರು ಜಂಕ್ಷನ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದೂರ. ಹಗಲು ರೈಲಿಗೆ ಹತ್ತು ಗಂಟೆ ಹತ್ತಿರ ಬೇಕು. ಮೈಸೂರು ಸುತ್ತಿ ಬರುವ ರಾತ್ರಿ ರೈಲಿಗೆ ಇನ್ನೂ ಜಾಸ್ತಿ. ಅಂದರೆ ಬೇರೆ ರಾಜ್ಯದ ರಾಜಧಾನಿ ಮಂಗಳೂರಿಗೆ ಸಮಯದಲ್ಲಿ ಹತ್ತಿರ, ತನ್ನದೇ ರಾಜಧಾನಿ ದೂರ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳ ಮೂಲಕ ನೇರ ಹಳಿ ತೆರೆದಾಗ ಸಾಕಷ್ಟು ಉಳಿತಾಯ ಆಯಿತು. ಆದರೆ ಆ ಉಳಿತಾಯವೆಲ್ಲ ಘಟ್ಟದ ಮೇಲೆಯೇ. ಘಟ್ಟದಲ್ಲಿ ಏನೂ ಬದಲಾಗಲಿಲ್ಲ.

ಈಗ ವಿದ್ಯುತ್ ಬಂದಿದೆ. 2025ರ ಜೂನ್‌ನಿಂದ ತಿಂಗಳುಗಟ್ಟಲೆ ಹಗಲು ರೈಲುಗಳನ್ನು ನಿಲ್ಲಿಸಿ ಘಟ್ಟದ ಭಾಗದಲ್ಲಿ ತಂತಿ ಎಳೆದರು. ವರ್ಷದ ಕೊನೆಗೆ ವಿದ್ಯುತ್ ಎಂಜಿನ್ನಿನ ಪರೀಕ್ಷಾ ಓಟವೂ ಆಯಿತು. ಇದರ ಬೆನ್ನಿಗೇ ಬೆಂಗಳೂರು–ಮಂಗಳೂರು ವಂದೇ ಭಾರತ್ ಎಂಬ ಆಸೆ ಚಿಗುರಿದೆ. ಆಸೆ ಇರಲಿ, ಆದರೆ ಲೆಕ್ಕ ಸರಿಯಾಗಿ ಹಾಕೋಣ. ತಂತಿ ಎಳೆದರೆ ಎಂಜಿನ್ ಬದಲಿಸುವ ಕಿರಿಕಿರಿ ತಪ್ಪುತ್ತದೆ, ಡೀಸೆಲ್ ಉಳಿಯುತ್ತದೆ, ಹತ್ತುವಾಗ ಬಲ ಸಿಗುತ್ತದೆ. ತಿರುವು ನೇರವಾಗುವುದಿಲ್ಲ, ಒಂದು ಹಳಿ ಎರಡಾಗುವುದಿಲ್ಲ, ಗುಡ್ಡ ಗಟ್ಟಿಯಾಗುವುದಿಲ್ಲ. ವಂದೇ ಭಾರತ್ ಬಂದರೂ ಆ 55 ಕಿಲೋಮೀಟರನ್ನು ತೆವಳಿಯೇ ದಾಟಬೇಕು. ಉಳಿಯುವುದೇನಿದ್ದರೂ ಬೆಂಗಳೂರು–ಸಕಲೇಶಪುರ ನಡುವೆ. ನನ್ನ ಕೇಳಿದರೆ, ವಾರಕ್ಕೆ ಕೆಲವೇ ದಿನ ಓಡುವ ಹಗಲು ರೈಲನ್ನು ದಿನವೂ ಓಡಿಸಿ, ರಾತ್ರಿ ಇನ್ನೊಂದು ಸ್ಲೀಪರ್ ರೈಲು ಕೊಟ್ಟರೆ ಬಿಳಿ ರೈಲಿಗಿಂತ ಜಾಸ್ತಿ ಜನಕ್ಕೆ ಉಪಯೋಗ. ಮಂಗಳೂರು–ಮಡಗಾಂವ್ ವಂದೇ ಭಾರತ್ 2023ರ ಡಿಸೆಂಬರ್‌ನಲ್ಲಿ ಶುರುವಾದಾಗ ಎಷ್ಟು ಸೀಟು ಖಾಲಿ ಹೋಗುತ್ತಿದ್ದವು ಎಂಬುದನ್ನು ಮರೆಯಬಾರದು. ರೈಲು ಚೆನ್ನಾಗಿತ್ತು. ಅಷ್ಟು ದುಡ್ಡು ಕೊಟ್ಟು ಅಲ್ಲಿಗೆ ದಿನಾ ಹೋಗುವವರು ಇರಲಿಲ್ಲ.

ಒಂದು ಊರು, ಮೂವರು ಯಜಮಾನರು

ರೈಲು ಯಾಕೆ ಸಿಗುತ್ತಿಲ್ಲ ಅನ್ನುವುದಕ್ಕೆ ಘಟ್ಟದಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ಇರುವುದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ. ಅದರ ಕೇಂದ್ರ ಚೆನ್ನೈ. ಪಡೀಲು ದಾಟಿ ಹಾಸನದ ಕಡೆ ತಿರುಗಿದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ಕೇಂದ್ರ ಹುಬ್ಬಳ್ಳಿ. ತೋಕೂರು ದಾಟಿ ಉಡುಪಿಯ ಕಡೆ ಹೋದರೆ ಕೊಂಕಣ ರೈಲ್ವೆ ನಿಗಮ, ಅದು ನವಿ ಮುಂಬೈಯ ಬೇಲಾಪುರದಲ್ಲಿ. ಬೆಂಗಳೂರಿನಿಂದ ಕಾರವಾರಕ್ಕೆ ಒಂದು ರೈಲು ಓಡಿಸಬೇಕೆಂದರೆ ಮೂವರೂ ಒಪ್ಪಬೇಕು. ಮೂವರಿಗೂ ಮಂಗಳೂರು ತಮ್ಮ ಗಡಿಯ ಕೊನೆ. ಯಾರಿಗೂ ಅದು ನಡುಮನೆ ಅಲ್ಲ.

2024ರ ಜನವರಿಯಲ್ಲಿ ಬೆಂಗಳೂರು–ಮಂಗಳೂರು–ಕಣ್ಣೂರು ರಾತ್ರಿ ರೈಲನ್ನು ಕೋಝಿಕೋಡ್‌ವರೆಗೆ ವಿಸ್ತರಿಸಲು ರೈಲ್ವೆ ಮಂಡಳಿ ಒಪ್ಪಿದಾಗ ಕರಾವಳಿಯಲ್ಲಿ ಗಲಾಟೆ ಎದ್ದಿದ್ದು ಇದಕ್ಕೇ. ದೂರ ಜಾಸ್ತಿಯಾದಷ್ಟೂ ಮಂಗಳೂರಿನವರಿಗೆ ಸೀಟು ಕಡಿಮೆ, ತಡ ಜಾಸ್ತಿ ಎಂಬ ಭಯ. ವಿಸ್ತರಣೆ ಜಾರಿಗೆ ಬರಲಿಲ್ಲ. ಕೇರಳದವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರ ಕಡೆ ಜನ ಇದ್ದಾರೆ, ಜೋಡಿ ಹಳಿ ಇದೆ, ಕೇಳುವ ಸಂಸದರೂ ಇದ್ದಾರೆ. ಮಂಗಳೂರನ್ನು ಮೈಸೂರು ವಿಭಾಗಕ್ಕೆ ಸೇರಿಸಿ ಎಂಬ ಹಳೆಯ ಬೇಡಿಕೆಗೆ ಅರ್ಥವಿದೆ. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಲು 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿಗೆ ಕೊಟ್ಟಿತು. ಗಡಿಗಳನ್ನು ಹೊಸದಾಗಿ ಎಳೆಯುವ ಅವಕಾಶ ಇದ್ದರೆ ಅದು ಈಗಲೇ. ಆ ವಿಲೀನದಲ್ಲಿ ಮಂಗಳೂರು ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳದಿದ್ದರೆ, ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಅದೇ ಕೊಂಕಣ ರೈಲ್ವೆ ಮುಂಬೈಯವರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಆ ಯೋಜನೆಗೆ ಜೀವ ಬಂತು, ಎಂಜಿನಿಯರ್ ಇ. ಶ್ರೀಧರನ್ ಅದನ್ನು ಕಟ್ಟಿದರು. 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ತೆರೆಯಿತು. ಅಲ್ಲಿಯವರೆಗೆ ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಿದ್ದ ತುಳುವರು ಊರಿನ ಭೂತಕೋಲಕ್ಕೆ ಬರಬೇಕಾದರೆ ಹೆದ್ದಾರಿಯಲ್ಲಿ ಹಗಲು ರಾತ್ರಿ ಬಸ್ಸಿನಲ್ಲಿ ಕೂರಬೇಕಿತ್ತು. ಈಗ ಮತ್ಸ್ಯಗಂಧ ರೈಲು ಹತ್ತಿ ಮಲಗಿದರೆ ಆಯಿತು. ಅಲ್ಲೂ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ಕಡಿಮೆ ವೇಗ, ಹಳಿಯುದ್ದಕ್ಕೂ ಕಾವಲು. ಈ ಶಿಸ್ತು ಮೆಚ್ಚುವಂಥದ್ದು. ತಡವಾಗುತ್ತದೆ ಎಂದು ಮೊದಲೇ ಹೇಳಿ ತಡಮಾಡುತ್ತಾರೆ. ಶಿರಾಡಿ ರಸ್ತೆಗೂ ಇಂಥದ್ದೊಂದು ಮಳೆಗಾಲದ ವೇಳಾಪಟ್ಟಿ ಯಾಕಿರಬಾರದು? ಭಾರಿ ಮಳೆಯ ಮುನ್ಸೂಚನೆ ಇರುವ ರಾತ್ರಿ ದೊಡ್ಡ ಲಾರಿಗಳನ್ನು ಹಾಸನ, ಉಪ್ಪಿನಂಗಡಿಯಲ್ಲೇ ತಡೆದು ಹಗಲು ಬಿಡಬಹುದು, ಅಲ್ವಾ?

ಒಂದು ಗಂಟೆಯ ವಿಮಾನ, ಐದು ಗಂಟೆಯ ಪ್ರಯಾಣ

ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಗೆ ಬೆಂಗಳೂರಿನಿಂದ ವಿಮಾನದಲ್ಲಿ ಒಂದು ಗಂಟೆ. ಆದರೆ ಜಯನಗರದವರು ದೇವನಹಳ್ಳಿ ಮುಟ್ಟಲು ಎರಡು ಗಂಟೆ, ಅಲ್ಲಿ ಮೊದಲೇ ಹೋಗಿ ಕಾಯುವುದು, ಇಳಿದ ಮೇಲೆ ಬಜ್ಪೆಯಿಂದ ಊರೊಳಗೆ ಬರುವುದು ಎಲ್ಲ ಸೇರಿ ಐದು ಗಂಟೆ ಆಗಿಬಿಡುತ್ತದೆ. ರಾತ್ರಿ ಬಸ್ಸಿಗಿಂತ ಎರಡು ಮೂರು ಗಂಟೆ ಉಳಿಯಿತು, ಹಗಲಿನ ಅರ್ಧ ದಿನ ಹೋಯಿತು. ಹೊರದೇಶದಿಂದ ಬಂದು ಬೆಂಗಳೂರಿನಲ್ಲೇ ವಿಮಾನ ಬದಲಿಸುವವರಿಗೆ ಮಾತ್ರ ಇದು ನಿಜವಾದ ಅನುಕೂಲ.

ಬಜ್ಪೆಯ ಬಲ ಇರುವುದು ಗಲ್ಫ್‌ನಲ್ಲಿ. ದುಬೈ, ಅಬುಧಾಬಿ, ದಮ್ಮಾಮ್, ಮಸ್ಕತ್ ಎಂದರೆ ಕರಾವಳಿಯ ಮನೆಗಳಿಗೆ ಪಕ್ಕದೂರು. ಅದರ ಮಿತಿ ಇರುವುದು ಗುಡ್ಡದ ತಲೆ ಕಡಿದು ಮಾಡಿದ ರನ್‌ವೇಯಲ್ಲಿ. 1951ರಲ್ಲಿ ಶುರುವಾದ ನಿಲ್ದಾಣ ಇದು. 2006ರಲ್ಲಿ ಬಂದ ಎರಡನೇ ರನ್‌ವೇ 2,450 ಮೀಟರ್. 2018ರ ಡಿಸೆಂಬರ್‌ನಲ್ಲಿ ತೆರೆದ ಕಣ್ಣೂರಿನದು 3,050. ಕಾಸರಗೋಡಿನವರು ಮೊದಲು ಕಣ್ಣು ಮುಚ್ಚಿ ಬಜ್ಪೆಗೆ ಬರುತ್ತಿದ್ದರು, ಈಗ ಎರಡು ಕಡೆಯ ದರ ನೋಡುತ್ತಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡ ಮೇಲೆ ಇಲ್ಲಿ ಸುರಕ್ಷತೆಯ ಮಾತು ಯಾರೂ ಹಗುರವಾಗಿ ಆಡುವುದಿಲ್ಲ. ಮಳೆ, ಮೋಡ ಕವಿದರೆ ವಿಮಾನ ಇಳಿಯದೆ ಬೆಂಗಳೂರಿಗೋ ಬೇರೆಲ್ಲಿಗೋ ತಿರುಗುತ್ತದೆ. ಘಾಟಿ ಮುಚ್ಚಿದ ದಿನವೇ ಹೀಗಾಗುವ ಸಾಧ್ಯತೆ ಜಾಸ್ತಿ. ಆ ದಿನವೇ ಟಿಕೆಟ್ ದರ ಆಕಾಶದಲ್ಲಿರುತ್ತದೆ.

ಸಮುದ್ರದ ಬಗ್ಗೆ ಹೇಳುವುದು ಕಡಿಮೆ. ಪಣಂಬೂರಿನ ದೊಡ್ಡ ಬಂದರಿಗೆ ಪ್ರವಾಸಿಗಳ ಕ್ರೂಸ್ ಹಡಗು ಬರುತ್ತವೆ, ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೋಗುತ್ತದೆ. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ಪ್ರಯಾಣಿಕರ ಹಡಗೊಂದು ಬಂದಾಗ ಊರೇ ಖುಷಿಪಟ್ಟಿತು. ಆದರೆ ಮುಂಬೈಗೋ ಕೊಚ್ಚಿಗೋ ಜನ ಹಡಗಿನಲ್ಲಿ ಹೋಗುವ ಕಾಲ ಮತ್ತೆ ಬರುವ ಲಕ್ಷಣ ಇಲ್ಲ.

ದಕ್ಷಿಣಕ್ಕೆ ಘಟ್ಟ ಇಲ್ಲ. ಕಾಸರಗೋಡು ಐವತ್ತು ಕಿಲೋಮೀಟರ್, ಅಲ್ಲಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಆ ದಾರಿಯೂ ಒಮ್ಮೆ ಮುಚ್ಚಿತ್ತು, 2020ರ ಮಾರ್ಚ್‌ನಲ್ಲಿ. ಕೊರೊನಾ ಭಯಕ್ಕೆ ಗಡಿಯಲ್ಲಿ ಮಣ್ಣು ಸುರಿದವರು ನಾವೇ. ಡಯಾಲಿಸಿಸ್‌ಗೆ, ಹೆರಿಗೆಗೆ ಬರಬೇಕಿದ್ದವರು ಗಡಿಯ ತಲಪಾಡಿಯಲ್ಲಿ ನಿಂತರು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಸುರಂಗ ಬರುವ ತನಕ

ಎಲ್ಲಕ್ಕೂ ಉತ್ತರ ಎಂದು ತೋರಿಸುವುದು ಶಿರಾಡಿ ಸುರಂಗವನ್ನು. ಜಪಾನಿನ ಜೈಕಾ ಸಂಸ್ಥೆ ಅಧ್ಯಯನ ಮಾಡಿದ ಯೋಜನೆಯಲ್ಲಿ ಸುರಂಗ, ಸೇತುವೆ ಸೇರಿ 23 ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು. ಆಮೇಲೆ ಖರ್ಚಿನ ಮಾತು ಬಂತು, ಬೇರೆ ಬೇರೆ ನಕ್ಷೆ ಬಂತು. ಪ್ರತಿ ಮಳೆಗಾಲ ಸುರಂಗದ ಸುದ್ದಿ ಏಳುತ್ತದೆ, ದಸರಾ ಹೊತ್ತಿಗೆ ಮಲಗುತ್ತದೆ. ತಮಾಷೆ ಎಂದರೆ ಎಣ್ಣೆಗೆ ಈ ಕಷ್ಟ ಇಲ್ಲ. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ 2003ರಿಂದ ಪೈಪಿನಲ್ಲಿ ಘಟ್ಟ ಹತ್ತುತ್ತಿದೆ.

ಸುರಂಗ ಬೇಡ ಎಂದು ನಾನು ಹೇಳುತ್ತಿಲ್ಲ. ಇವತ್ತು ಅಗೆಯಲು ಶುರುಮಾಡಿದರೂ ವರ್ಷಗಳು ಬೇಕು, ಅಷ್ಟರಲ್ಲಿ ರಸ್ತೆಯ ಲೆಕ್ಕವೇ ಬದಲಾಗುತ್ತಿದೆ. ಘಟ್ಟದ ಮೇಲೆ ಹಾಸನದಿಂದ ಮಾರನಹಳ್ಳಿವರೆಗೆ ನಾಲ್ಕು ಪಥ ಆಗುತ್ತಿದೆ. ಘಟ್ಟದ ಕೆಳಗೆ ಅಡ್ಡಹೊಳೆಯಿಂದ ಬಿ.ಸಿ.ರೋಡ್‌ವರೆಗೆ ನಾಲ್ಕು ಪಥ ಆಗುತ್ತಿದೆ. ವರ್ಷಗಟ್ಟಲೆ ಧೂಳು ಕುಡಿಸಿದ ಕಲ್ಲಡ್ಕದಲ್ಲಿ ಮೇಲ್ಸೇತುವೆ 2025ರಲ್ಲಿ ತೆರೆದು, ಈಗ ಆ ಊರಿನ ಹೆಸರಾದ ಕೆಟಿ ಚಹಾ ಕುಡಿಯಬೇಕೆಂದರೆ ಬೇಕೆಂದೇ ಕೆಳಗಿಳಿಯಬೇಕು. ಎರಡೂ ತುದಿಯಿಂದ ವಾಹನಗಳು ಮೊದಲಿಗಿಂತ ಬೇಗ ಬಂದು ನಡುವಿನ ಎರಡು ಪಥದ ಘಟ್ಟದಲ್ಲಿ ಸೇರುತ್ತವೆ. ಬ್ರೇಕ್ ಫೇಲಾದ ಒಂದೇ ಒಂದು ಟ್ಯಾಂಕರ್ ಅಡ್ಡ ಬಿದ್ದರೆ ಈಗಲೇ ಗುಂಡ್ಯದಿಂದ ಸಕಲೇಶಪುರದ ತನಕ ಸಾಲು ನಿಲ್ಲುತ್ತದೆ.

ಅದಕ್ಕೇ ಸುರಂಗಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು ಬೇರೆ ಇವೆ, ಅವು ಸುದ್ದಿಯಾಗುವಂಥವೂ ಅಲ್ಲ. ನೆಟ್ಟಗೆ ಕಡಿದ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡುವುದು. ನೀರು ಇಳಿಯುವ ಚರಂಡಿಯನ್ನು ಮೇ ತಿಂಗಳಲ್ಲೇ ಬಿಡಿಸುವುದು. ಘಟ್ಟದ ಎರಡೂ ತುದಿಯಲ್ಲಿ ಮಳೆಗಾಲವಿಡೀ ಕ್ರೇನ್ ನಿಲ್ಲಿಸುವುದು. ರೈಲ್ವೆಯವರು ಘಟ್ಟದ ನಿಲ್ದಾಣಗಳಲ್ಲಿ ಕ್ರಾಸಿಂಗ್‌ಗೆ ಇನ್ನೊಂದು ಲೈನು ಹಾಕುವುದು. ಹಾಸನ ಮತ್ತು ದಕ್ಷಿಣ ಕನ್ನಡದ ಜಿಲ್ಲಾಡಳಿತಗಳು ಘಾಟಿ ಮುಚ್ಚುವ, ತೆರೆಯುವ ಆದೇಶವನ್ನು ಒಂದೇ ಹೊತ್ತಿಗೆ, ಒಂದೇ ಮಾತಿನಲ್ಲಿ ಹೊರಡಿಸುವುದು. ಈಗ ಒಂದು ಕಡೆ ಓಪನ್ ಎಂಬ ಸುದ್ದಿ, ಇನ್ನೊಂದು ಕಡೆ ಡೈವರ್ಟ್. ನಡುವೆ ಸಿಕ್ಕಿಬಿದ್ದ ಬಸ್ಸಿನ ಡ್ರೈವರ್ ಮಧ್ಯರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಬೇರೆ ಡ್ರೈವರುಗಳನ್ನು ಕೇಳಿ ಚಾರ್ಮಾಡಿಗೋ ಸಂಪಾಜೆಗೋ ತಿರುಗಿಸುತ್ತಾನೆ.